ಜಗಳ ಆದ್ಮೇಲೆ ನಾಲ್ಕು ದಿನ ಮಾತಿಲ್ಲ. ತಪ್ಪು ನನ್ನದಾ?

ಪ್ರಶ್ನೆ (ಹೆಸರು ಬೇಡ, ದಾವಣಗೆರೆ): ಮೇಡಂ, ಮದುವೆಯಾಗಿ ಆರು ವರ್ಷ. ಎರಡನೇ ಮಗುವಿಗೆ ಈಗ ಎಂಟು ತಿಂಗಳು. ಬಾಣಂತನ ಮುಗಿಸಿ ತವರಿಂದ ಬಂದಾಗಿನಿಂದ ಸಣ್ಣದಕ್ಕೂ ಸಿಟ್ಟು ಬರುತ್ತದೆ. ಮಗು ಮಲಗಿದರೂ ನನಗೆ ನಿದ್ದೆ ಇಲ್ಲ. ಏನಾದರೂ ಕೇಳಿದರೆ ಇವರು ಫೋನ್ ಹಿಡಿದು ಎದ್ದು ಹೋಗುತ್ತಾರೆ. ಆಮೇಲೆ ನಾಲ್ಕು ದಿನ ಮಾತಿಲ್ಲ. ಹೊಡೆತ ಬಡಿತ ಏನಿಲ್ಲ. ಅತ್ತೆ ‘ಹೊಂದ್ಕೊಂಡು ಹೋಗಮ್ಮ’ ಅಂತಾರೆ. ಈ ಸಂಸಾರವೇ ಸಾಕು ಅನ್ನಿಸಿದೆ.

ಉತ್ತರ (ಆಪ್ತ ಸಮಾಲೋಚಕಿ): ಮದುವೆ ವಿಷಯ ಆಮೇಲೆ. ಮೊದಲು ನಿಮ್ಮ ನಿದ್ದೆ ಮತ್ತು ಸಿಟ್ಟಿನ ಬಗ್ಗೆ ಮಾತಾಡೋಣ. ಹೆರಿಗೆಯ ನಂತರದ ಖಿನ್ನತೆ ಅಂದರೆ ಸದಾ ಅಳುತ್ತಾ ಕೂರುವುದು ಅಂತ ಜನ ತಿಳಿದಿದ್ದಾರೆ. ಬರೀ ಸಿಡುಕಾಗಿಯೂ ಅದು ಕಾಣಿಸಿಕೊಳ್ಳುತ್ತದೆ. ಅದನ್ನು ಗುರುತಿಸಲು ಎಡಿನ್‌ಬರೋ ಪ್ರಶ್ನಾವಳಿ ಅಂತ 10 ಪ್ರಶ್ನೆಗಳದ್ದು ಒಂದಿದೆ, 1987ರಿಂದ ಬಳಕೆಯಲ್ಲಿದೆ. ಕಳೆದ 7 ದಿನ ಹೇಗಿದ್ದಿರಿ ಅಂತ ಕೇಳುತ್ತದೆ, ಅಷ್ಟೇ. ಡಾಕ್ಟರ್ ಹತ್ತಿರ ಅದನ್ನು ಮಾಡಿಸಿ. ಹಾಗೇ ಥೈರಾಯ್ಡ್ ಪರೀಕ್ಷೆಯೂ ಆಗಲಿ. ಹೆರಿಗೆ ಆದ ವರ್ಷದೊಳಗೆ ಅದು ಏರುಪೇರಾಗುವುದುಂಟು, ಮನಸ್ಸು ಕೆಡಿಸುವುದೂ ಉಂಟು. ಇದೆಲ್ಲ ತಿಳಿಯುವ ತನಕ ‘ಸಾಕು’ ಅನ್ನುವ ತೀರ್ಮಾನವನ್ನು ಪಕ್ಕಕ್ಕಿಡಿ.

ಇನ್ನು ಅವರ ಮೌನ. ಒಬ್ಬರು ಬೆನ್ನು ಬಿದ್ದು ಕೇಳುವುದು, ಇನ್ನೊಬ್ಬರು ಬಾಯಿ ಮುಚ್ಚಿ ಜಾರಿಕೊಳ್ಳುವುದು: ನಾನು ದಿನಾ ನೋಡುವ ಜಗಳ ಇದೇ. ಅವರು ಮುಚ್ಚಿದಷ್ಟೂ ನಿಮ್ಮ ದನಿ ಏರುತ್ತದೆ, ಏರಿದಷ್ಟೂ ಅವರು ಮುಚ್ಚುತ್ತಾರೆ. ದಂಪತಿಗಳ ಜಗಳವನ್ನೇ ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಜಾನ್ ಗಾಟ್‌ಮನ್ ಹೇಳುವುದು, ಎದೆಬಡಿತ ನಿಮಿಷಕ್ಕೆ 100 ದಾಟಿದವರಿಗೆ ಎದುರಿನವರ ಮಾತು ತಲೆಗೆ ಹೋಗುವುದಿಲ್ಲ ಅಂತ. ಕನಿಷ್ಠ 20 ನಿಮಿಷ ಬಿಡುವು ಬೇಕು. ಆದರೆ ‘ಊಟ ಆದ್ಮೇಲೆ ಮಾತಾಡೋಣ’ ಅಂತ ಹೇಳಿ ಎದ್ದರೆ ಅದು ಬಿಡುವು. ನಾಲ್ಕು ದಿನ ಅಂದರೆ ಶಿಕ್ಷೆ. ಇದನ್ನು ಜಗಳದ ಹೊತ್ತಲ್ಲಿ ಹೇಳಬೇಡಿ, ಮನಸ್ಸು ತಣ್ಣಗಿರುವಾಗ ಹೇಳಿ.

ದಣಿವನ್ನೂ ಲೆಕ್ಕಕ್ಕೆ ತಗೊಳ್ಳಿ. 2024ರ ಕೇಂದ್ರ ಸರ್ಕಾರದ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವವರ ಪೈಕಿ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಟ್ಟರೆ ಗಂಡಸರು 88. ‘ಹೊಂದ್ಕೊಂಡು ಹೋಗು’ ಅನ್ನುವವರು ಮೊದಲು ರಾತ್ರಿ ಮಗುವನ್ನು ಎರಡು ಗಂಟೆ ಎತ್ತಿಕೊಳ್ಳಲಿ, ಅಲ್ವಾ?

ಇನ್ನೊಬ್ಬರ ಪ್ರಶ್ನೆ: ಅಕ್ಕ, ನಮ್ಮ ಯಜಮಾನರು ಸಿಟ್ಟಲ್ಲಿ ಕೈ ಎತ್ತುತ್ತಾರೆ. ನಾನೂ 20 ನಿಮಿಷ ಬಿಟ್ಟು ಮಾತಾಡಲಾ?

ಉತ್ತರ: ಬೇಡ. ಮೇಲೆ ಹೇಳಿದ್ದು ಹೊಡೆತ ಇಲ್ಲದ ಮನೆಗೆ ಮಾತ್ರ. ನಿಮಗೆ ಮೊದಲು ಬೇಕಾದ್ದು ಸುರಕ್ಷತೆ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಆ ಕ್ಷಣಕ್ಕೇ ಅಪಾಯ ಅನ್ನಿಸಿದರೆ 112. ನನಗೂ ಇನ್‌ಬಾಕ್ಸ್‌ನಲ್ಲಿ ಬರೆಯಿರಿ.

ಮೊದಲು ಕೇಳಿದವರು: ಪರೀಕ್ಷೆ ಮಾಡಿಸ್ತೀನಿ ಮೇಡಂ. ಇವರು ಕೌನ್ಸೆಲಿಂಗ್‌ಗೆ ಬರಲ್ಲ ಅಂದ್ರೆ?

ಉತ್ತರ: ಒಬ್ಬರೇ ಹೋಗಿ, ಎಷ್ಟೋ ಹೆಂಗಸರು ಹಾಗೇ ಶುರು ಮಾಡುವುದು. ಹೊರಗೆ ಹೋಗಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮುಂದಿನ ತಿಂಗಳು ಮಗುವಿಗೆ ದಡಾರದ ಲಸಿಕೆ ಇದೆಯಲ್ಲ, ಅವತ್ತು ಅವರನ್ನೂ ಕರೆದುಕೊಂಡು ಹೋಗಿ. ನಿಮ್ಮ ನಿದ್ದೆಯ ವಿಷಯವನ್ನು ಅವರ ಎದುರಿಗೇ ಡಾಕ್ಟರಿಗೆ ಹೇಳಿ.