ಸಹಾಯ ಬೇಕು: ದರ ಕೇಳಿದ್ದೇ ತಪ್ಪಾಯಿತೇ?

ಎಲ್ಲರಿಗೂ ನಮಸ್ಕಾರ. ಅಮ್ಮ ಬರೆದಿಟ್ಟ ನೆನಪುಗಳನ್ನು ಪುಸ್ತಕ ಮಾಡಿಸಬೇಕೆಂದು, ಸ್ವತಂತ್ರವಾಗಿ ಕೆಲಸ ಮಾಡುವ ಪುಟ ವಿನ್ಯಾಸಕಾರರೊಬ್ಬರಿಗೆ ಕಳೆದ ವಾರ ಸಂದೇಶ ಕಳುಹಿಸಿದ್ದೆ. ಡೆಮಿ 1/8 ಆಕಾರ (ಕಾದಂಬರಿಗಳ ಸಾಮಾನ್ಯ ಅಳತೆ), ಸುಮಾರು 140 ಪುಟ, 12 ಹಳೆಯ ಫೋಟೊ, ಪಠ್ಯ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರ ಸಂಕೇತದಲ್ಲಿದೆ, ಅದನ್ನು ಎಲ್ಲ ಕಂಪ್ಯೂಟರುಗಳಲ್ಲೂ ನಡೆಯುವ ಯೂನಿಕೋಡ್‌ಗೆ ಬದಲಾಯಿಸಬೇಕು ಎಂದೆಲ್ಲ ವಿವರವಾಗಿ ಬರೆದು, ಎಷ್ಟಾಗುತ್ತದೆ ಎಂದು ಕೇಳಿದೆ. ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಒಂದೇ ಸಾಲು: ‘ನಿಮ್ಮ ಬಜೆಟ್ ಹೇಳಿ.’

ಅಂದಾಜೇ ಇಲ್ಲದೆ ಏನು ಹೇಳಲಿ? ಮುಖಪುಟವೂ ಸೇರುತ್ತದೆಯೇ, ಕರಡನ್ನು ಎಷ್ಟು ಸಲ ತಿದ್ದಿಕೊಡುತ್ತೀರಿ ಎಂದು ಕೇಳಿದ್ದಕ್ಕೆ, ‘ಚೌಕಾಸಿ ಮಾಡುವವರ ಕೆಲಸ ನಾನು ಹಿಡಿಯುವುದಿಲ್ಲ’ ಎಂದು ಸಿಡುಕಿದರು. ಅವರು ಬೆಲೆಯನ್ನೇ ಹೇಳಿಲ್ಲ, ಚೌಕಾಸಿ ಎಲ್ಲಿಂದ ಬಂತು! ದರ ಹೆಚ್ಚಾದರೆ ನನಗೆ ಬೇಸರವಿಲ್ಲ. ಯೂನಿಕೋಡ್‌ಗೆ ಬದಲಾಯಿಸುವಾಗ ಒತ್ತಕ್ಷರಗಳು ಅಲ್ಲಲ್ಲಿ ಎಡವಟ್ಟಾಗುತ್ತವೆ; ಸಾಲು ಸಾಲಾಗಿ ಕಣ್ಣಾಡಿಸಿ ಸರಿಪಡಿಸುವ ಕಷ್ಟ, ನಾಲ್ಕು ಪುಟ ನಾನೇ ಮಾಡಿ ನೋಡಿದ ಮೇಲೆ, ಚೆನ್ನಾಗಿಯೇ ಗೊತ್ತಾಗಿದೆ.

ಬಲ್ಲವರು ಹೇಳಿ. ಇಂಥ ಕೆಲಸಕ್ಕೆ ಪುಟದ ಲೆಕ್ಕ ಒಳ್ಳೆಯದೋ, ಒಟ್ಟು ಮೊತ್ತವೋ? ಮುಂಗಡ ಕೊಡುವ ಮುನ್ನ ಏನೇನನ್ನು ಬರವಣಿಗೆಯಲ್ಲಿ ಪಡೆಯಬೇಕು? ಪಿಡಿಎಫ್ ಜೊತೆಗೆ ತಿದ್ದಲು ಬರುವ ಮೂಲ ಕಡತವನ್ನೂ ಕೇಳಬಹುದೇ? ಮರುಮುದ್ರಣದ ಹೊತ್ತಿಗೆ ಮತ್ತೆ ಇವರ ಬಾಗಿಲು ತಟ್ಟುವ ಧೈರ್ಯ ನನಗಿಲ್ಲ. ಕೇಳಿದ್ದಕ್ಕೆ ನೇರವಾಗಿ ಉತ್ತರಿಸುವ ವಿನ್ಯಾಸಕಾರರು ಗೊತ್ತಿದ್ದರೆ ತಿಳಿಸಿ. ಸಿಡುಕಿದವರ ಹೆಸರನ್ನು ಮಾತ್ರ ದಯವಿಟ್ಟು ಕೇಳಬೇಡಿ.