ಹಳೆ ಪತ್ರದ ಬೆನ್ನ ಮೇಲಿನ ಬರಹ: ಷರಾನೋ, ಹಿಂಬರಹವೋ?

ಎಲ್ಲರಿಗೂ ನಮಸ್ಕಾರ. ಒಂದು ಪದ ಸಿಗದೆ ಎರಡು ದಿನದಿಂದ ಲೇಖನ ನಿಂತುಬಿಟ್ಟಿದೆ.

ಅಮೆರಿಕದ ಮೊದಲ ತಲೆಮಾರಿನ ನ್ಯಾಯಮೂರ್ತಿಗಳು, ವಕೀಲರು ಬರೆದ ಪತ್ರಗಳನ್ನು ಕೂಡಿಡುವವರ ಬಗ್ಗೆ ಬರೆಯುತ್ತಿದ್ದೇನೆ. ಅಲ್ಲಿನ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಜಾನ್ ಜೇ, ಜಾನ್ ಮಾರ್ಷಲ್ ಕಾಲದವು. ಆಗ ಲಕೋಟೆ ಬಳಸುವುದು ಕಡಿಮೆ. ಬರೆದ ಹಾಳೆಯನ್ನೇ ಮಡಿಸಿ, ಅರಗು ಒತ್ತಿ, ಹೊರಗಡೆ ವಿಳಾಸ ಬರೆಯುತ್ತಿದ್ದರು. ಪತ್ರ ಬಂದವರು ಓದಿ, ಅದನ್ನು ಉದ್ದುದ್ದಕ್ಕೆ ಪಟ್ಟಿಯ ಹಾಗೆ ಮಡಿಸಿ, ಮೇಲೆ ಒಂದೆರಡು ಸಾಲು ಗೀಚಿ ಕಟ್ಟಿಗೆ ಸೇರಿಸುತ್ತಿದ್ದರು: ಯಾರ ಪತ್ರ, ಯಾವ ತಾರೀಕು, ಏನು ವಿಷಯ. ಆ ಗೀಚಿದ್ದಕ್ಕೆ ಅಲ್ಲಿ 'ಡಾಕೆಟ್' ಅಂತಾರೆ. ಹಾಗೇ ಇಟ್ಟುಕೊಳ್ಳೋಣ ಅಂದರೆ, ಅಲ್ಲಿನ ಕೋರ್ಟುಗಳಲ್ಲಿ ಡಾಕೆಟ್ ಅಂದರೆ ಕೇಸುಗಳ ಪಟ್ಟಿ!

ಪತ್ರದ ಮೇಲಿನ ಆ ಸಾಲು ಸುಮ್ನೆ ಗೀಚಿದ್ದಲ್ಲ. 1801ರ ಜನವರಿ 2ರಂದು ಜೇ ಅವರು ಮುಖ್ಯ ನ್ಯಾಯಮೂರ್ತಿ ಹುದ್ದೆ ಮತ್ತೆ ಬೇಡ ಎಂದು ಅಧ್ಯಕ್ಷ ಜಾನ್ ಆಡಮ್ಸ್ ಅವರಿಗೆ ಬರೆದರು. ಅದೇ ತಿಂಗಳು ಆ ಹುದ್ದೆಗೆ ಮಾರ್ಷಲ್ ಹೆಸರು ಬಂತು. ಇಂಥ ಪತ್ರದ ಬೆನ್ನ ಮೇಲೆ ಪಡೆದವರದೇ ಕೈಬರಹ ಸಿಕ್ಕರೆ, ಪತ್ರ ಕೈಸೇರಿತ್ತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. ವಿಳಾಸದ ಹಾಳೆ ಕಳೆದಿದ್ದರೆ, ಯಾರಿಗೆ ಬರೆದದ್ದು ಎಂದು ಹೇಳುವುದೂ ಎಷ್ಟೋ ಸಲ ಇದೊಂದೇ.

ನಮ್ಮ ತಂದೆ ಗುಮಾಸ್ತರಾಗಿದ್ದವರು. ಫೋಟೊ ತೋರಿಸಿದೆ. "ಷರಾ ಅಲ್ವಾ ಇದು?" ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಷರಾ ಅಂದರೆ ಸಾಹೇಬರ ಅಭಿಪ್ರಾಯವೋ ಅಪ್ಪಣೆಯೋ ಇರಬೇಕು. 'ಪರಿಶೀಲಿಸಿ ಮಂಡಿಸಿ' ಅಂತ ಅರ್ಜಿಯ ಅಂಚಿನಲ್ಲಿ ಬರೆಯೋದು ಷರಾ. ಡಾಕೆಟ್‌ನಲ್ಲಿ ಅಭಿಪ್ರಾಯವೇ ಇಲ್ಲ, ಬರೀ ಗುರುತು.

ಹಿಂಬರಹ ಅನ್ನೋದು ಕೇಳೋಕೆ ಸರಿಯಾಗೇ ಇದೆ. ಆದರೆ ತಾಲೂಕು ಕಚೇರಿಗೆ ಒಮ್ಮೆ ಹೋಗಿಬಂದವರಿಗೂ ಗೊತ್ತು, ಹಿಂಬರಹ ಕೊಟ್ಟರು ಅಂದರೆ ಅರ್ಜಿಗೆ ಉತ್ತರ ಕೊಟ್ಟರು ಅಂತ. ಅದೂ ಹೆಚ್ಚಾಗಿ 'ಆಗಲ್ಲ' ಅನ್ನೋ ಉತ್ತರ.

ಇನ್ನೊಂದು ಜೋಡಿ ಪದ ಬೇಗ ಬಗೆಹರಿಯಿತು. ಪೂರ್ತಿ ತಾವೇ ಬರೆದು ಸಹಿ ಹಾಕಿದ್ದು 'ಸ್ವಹಸ್ತ ಪತ್ರ'. ಗುಮಾಸ್ತ ಬರೆದು ಇವರು ಸಹಿ ಮಾತ್ರ ಹಾಕಿದ್ದು 'ಸಹಿ ಪತ್ರ'. ಸಾಮಾನ್ಯವಾಗಿ ಬೆಲೆ ಜಾಸ್ತಿ ಮೊದಲನೆಯದಕ್ಕೆ.

ಡಾಕೆಟ್‌ಗೆ ಸದ್ಯಕ್ಕೆ 'ಮಡಿಕೆಬರಹ' ಎಂದು ಬರೆದಿಟ್ಟಿದ್ದೇನೆ. ಓದಿದವರೊಬ್ಬರು ಗಡಿಗೆ ಮೇಲೆ ಏನೋ ಬರೆದಿದ್ದಾರೆ ಅಂದುಕೊಂಡರು! ಕೋರ್ಟಿನ ರೆಕಾರ್ಡ್ ರೂಮಿನಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ಹೇಳಿ: ಕಟ್ಟಿನ ಹೊರಗೆ ಗುರುತಿಗೆ ಬರೆಯೋದಕ್ಕೆ ನಿಮ್ಮ ಕಡೆ ಏನಂತಾರೆ?