ಫಾದರ್ ಅವರನ್ನು ಕೇಳಿ: ಸತ್ತವರ ಹಬ್ಬದ ವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ನವೆಂಬರ್ 2 ಮುಗಿಯಿತು. ಸಮಾಧಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದಬತ್ತಿ ಹಚ್ಚಿ ಬಂದಿದ್ದೀರಿ. ಇವತ್ತು ಸಂಜೆ ಏಳರಿಂದ ಒಂಬತ್ತರವರೆಗೆ ಫಾದರ್ ಗುಂಪಿನಲ್ಲಿ ಇರುತ್ತಾರೆ. ಸೆಮಿನರಿಯಲ್ಲಿ ದೈವಶಾಸ್ತ್ರ ಕಲಿಸಿ ನಿವೃತ್ತರಾದವರು, ಈಗ ಸಾಗರದ ಕಡೆ ಇದ್ದಾರೆ. ಸ್ವರ್ಗ, ನರಕ, ದೇವರ ಕೃಪೆ, ಏನಿದ್ದರೂ ಕೇಳಿ. ಗುಂಪಿನಲ್ಲಿ ಕಥೋಲಿಕರು, ಸಿಎಸ್‌ಐನವರು, ಪೆಂತೆಕೋಸ್ತಿನವರು ಎಲ್ಲ ಇದ್ದೀರಿ. ಜಗಳ ಬೇಡ. ಫಾರ್ವರ್ಡ್ ಬೇಡ.

ಕೊಪ್ಪದ ಆಂಟಿ: ಫಾದರ್, ಇದು ಫಾರ್ವರ್ಡ್ ಅಲ್ಲ, ಪ್ರಶ್ನೆ. "ಈ ಪ್ರಾರ್ಥನೆ ಒಮ್ಮೆ ಹೇಳಿದರೆ ಪರ್ಗೆಟರಿಯಿಂದ (ಸ್ವರ್ಗಕ್ಕೆ ಮುಂಚೆ ಆತ್ಮಗಳು ಶುದ್ಧವಾಗುವ ಸ್ಥಿತಿ) 1000 ಆತ್ಮಗಳಿಗೆ ಬಿಡುಗಡೆ. 12 ಜನಕ್ಕೆ ಕಳಿಸಿ. ಕಳಿಸದವರ ಮನೆಯಲ್ಲಿ ಕಷ್ಟ ಬರುತ್ತದೆ." ನಿಜವಾ?

ಫಾದರ್: ಪ್ರಾರ್ಥನೆ ಚೆನ್ನಾಗಿದೆ, ಹೇಳಿ. ಲೆಕ್ಕ ಸುಳ್ಳು. ಹೆದರಿಸಿದ್ದು ಇನ್ನೂ ದೊಡ್ಡ ಸುಳ್ಳು. 1517ರಲ್ಲಿ ಜರ್ಮನಿಯಲ್ಲಿ ಲೂಥರ್ ಅನ್ನುವ ಸನ್ಯಾಸಿ ಸಿಟ್ಟಿಗೆದ್ದದ್ದು ಇಂಥದ್ದೇ ವ್ಯಾಪಾರದ ಮೇಲೆ. ಪೆಟ್ಟಿಗೆಯಲ್ಲಿ ಕಾಸು ಠಣ್ ಅಂದ ಕೂಡಲೇ ಆತ್ಮ ಮೇಲಕ್ಕೆ ಹಾರುತ್ತದೆ ಅಂತ ಆಗ ಸಾರುತ್ತಿದ್ದರು. ಈಗ ಕಾಸಿನ ಬದಲು ಡೇಟಾ.

ಸೊರಬದವರು: ನರಕದಲ್ಲಿ ಇರುವುದು ನಿಜವಾದ ಬೆಂಕಿಯಾ?

ಫಾದರ್: ಬೈಬಲಿನಲ್ಲಿ ನರಕಕ್ಕೆ ಬೆಂಕಿಯೂ ಇದೆ, ಕತ್ತಲೆಯೂ ಇದೆ. ಬೆಂಕಿ ಉರಿಯುವಲ್ಲಿ ಕತ್ತಲೆ ಹೇಗೆ? ಹೋಲಿಕೆ ಅಂತ ತಿಳಿಯಿರಿ. 1992ರ ಕಥೋಲಿಕ ಧರ್ಮೋಪದೇಶ, ಅಂದರೆ ಚರ್ಚಿನ ಬೋಧನೆಯ ಅಧಿಕೃತ ಪುಸ್ತಕ, ಹೇಳುವ ಪ್ರಕಾರ ನರಕದ ಮುಖ್ಯ ಶಿಕ್ಷೆ ದೇವರಿಂದ ಶಾಶ್ವತವಾಗಿ ಅಗಲುವುದು.

ರಿಪ್ಪನ್‌ಪೇಟೆಯವರು: ಹೆಣ ಸುಟ್ಟರೆ ಪಾಪವಾ? ನಮ್ಮ ಕಡೆ ಮಳೆಗಾಲದಲ್ಲಿ ಗುಂಡಿ ತೋಡಿದರೆ ನೀರೇ ಬರುತ್ತದೆ.

ಫಾದರ್: 1963ರಿಂದ ಅಡ್ಡಿ ಇಲ್ಲ.

ನಿವೃತ್ತ ಮೇಷ್ಟ್ರು: ಫಾದರ್, ನಾನು ಕ್ರೈಸ್ತನಲ್ಲ, ಸ್ನೇಹಿತರು ಸೇರಿಸಿದ್ದಾರೆ. ನಮ್ಮ ಮಧ್ವಾಚಾರ್ಯರೂ ಜೀವರಲ್ಲಿ ಮೂರು ಬಗೆ ಹೇಳುತ್ತಾರೆ. ಮುಕ್ತಿಗೆ ಯೋಗ್ಯರು, ನಿತ್ಯ ಸಂಸಾರಿಗಳು, ತಮಸ್ಸಿಗೆ ಯೋಗ್ಯರು. ಮೂರನೆಯವರಿಗೆ ಬಿಡುಗಡೆಯೇ ಇಲ್ಲ. ನಿಮ್ಮ ನಿತ್ಯದಂಡನೆಗೂ ಇದಕ್ಕೂ ವ್ಯತ್ಯಾಸ ಏನು?

ಹೊಸನಗರದ ಅಕ್ಕ: ಫಾದರ್, ನಾನು ಗುಂಪಿನಲ್ಲಿ ಬರೆಯುವವಳಲ್ಲ. ತಪ್ಪಿದ್ದರೆ ಕ್ಷಮಿಸಿ. ಅಮ್ಮನಿಗೆ ಈಗ 76. ನನಗಿಂತ ಮುಂಚೆ ಒಂದು ಗಂಡು ಮಗು ಹುಟ್ಟಿತ್ತು. 1971ರ ಆಷಾಢ. ಹೊಳೆ ತುಂಬಿ ದೋಣಿ ನಿಂತಿತ್ತು. ಮಗು ಎರಡೇ ದಿನ ಬದುಕಿತು. ನೀರು ಹಾಕಿ ಚರ್ಚಿಗೆ ಸೇರಿಸುವ ದೀಕ್ಷಾಸ್ನಾನ ಆಗಲಿಲ್ಲ. ಅಂಥ ಮಗುವನ್ನು ಚರ್ಚಿನ ಸಮಾಧಿ ಜಾಗದಲ್ಲಿ ಇಡುವ ಹಾಗಿಲ್ಲ ಅಂತ ಆಗ ಇದ್ದವರೊಬ್ಬರು ಹೇಳಿದರಂತೆ. ಅಪ್ಪ ತೋಟದ ಅಂಚಿನಲ್ಲಿ, ಹಲಸಿನ ಮರದ ಬುಡದಲ್ಲಿ ಮಣ್ಣು ಮಾಡಿದರು. ದೀಕ್ಷಾಸ್ನಾನಕ್ಕೆ ಅಂತ ಅಮ್ಮ ಹೆಣೆದಿದ್ದ ಬಿಳಿ ಕುಲಾವಿ ಇನ್ನೂ ಟ್ರಂಕಿನಲ್ಲಿದೆ, ನುಸಿಗುಳಿಗೆ ಹಾಕಿ ಇಟ್ಟಿದ್ದಾರೆ. ಪ್ರತಿ ವರ್ಷ ಸತ್ತವರ ಹಬ್ಬಕ್ಕೆ ಚರ್ಚಿಗೆ ಹೋಗಿ ಬಂದು, ಒಂದು ಮೇಣದಬತ್ತಿ ಉಳಿಸಿಕೊಂಡು, ಸಂಜೆ ಆ ಮರದ ಹತ್ತಿರ ಹಚ್ಚುತ್ತಿದ್ದರು. ಯಾರೂ ಏನೂ ಕೇಳುತ್ತಿರಲಿಲ್ಲ. ಹೋದ ವಾರ ಯಾರೋ ಒಂದು ವಿಡಿಯೋ ಕಳಿಸಿದರು. ದೀಕ್ಷಾಸ್ನಾನ ಇಲ್ಲದೆ ಸತ್ತ ಶಿಶುಗಳೂ ನರಕಕ್ಕೇ ಅಂತ ಒಬ್ಬರು ಕೂಗಿ ಹೇಳುತ್ತಾರೆ. ಅಮ್ಮ ಈ ಸಲ ಮೇಣದಬತ್ತಿ ಹಚ್ಚಲಿಲ್ಲ. ಕೇಳಿದ್ದಕ್ಕೆ "ಹಚ್ಚಿ ಯಾರಿಗೆ ಬೆಳಕು" ಅಂದರು. ಏನು ಹೇಳಲಿ?

ಶಿವಮೊಗ್ಗ ಬ್ರದರ್: ಅಕ್ಕಾ, ಮಗು ಕರ್ತನ ಹತ್ತಿರವೇ ಇದೆ. ನಮ್ಮಲ್ಲಿ ಶಿಶುಗಳಿಗೆ ದೀಕ್ಷಾಸ್ನಾನ ಕೊಡುವುದೇ ಇಲ್ಲ. ತಿಳಿವಳಿಕೆ ಬರುವ ಮುಂಚೆ ಹೋದ ಮಗು ಅದು. ದಾವೀದನ ಮಗು ಸತ್ತಾಗ ಅವನು ಏನಂದ ಅಂತ 2 ಸಮುವೇಲ 12:23 ಓದಿ, ನಾನೇ ಅವನ ಹತ್ತಿರ ಹೋಗುತ್ತೇನೆ ಅಂದ.

ಚಿಕ್ಕಮಗಳೂರು ಸರ್: ಭಾವನೆ ಬೇರೆ, ಬೋಧನೆ ಬೇರೆ. 1439ರಲ್ಲಿ ಚರ್ಚಿನ ಫ್ಲಾರೆನ್ಸ್ ಸಮ್ಮೇಳನ ಸ್ಪಷ್ಟವಾಗಿ ಹೇಳಿದೆ. ಮೂಲಪಾಪ, ಅಂದರೆ ಆದಾಮನಿಂದ ಹುಟ್ಟಿನಲ್ಲೇ ಬರುವ ಪಾಪ, ಒಂದೇ ಇದ್ದು ಸತ್ತವರೂ ನರಕಕ್ಕೆ ಇಳಿಯುತ್ತಾರೆ, ಶಿಕ್ಷೆಯಲ್ಲಿ ಮಾತ್ರ ವ್ಯತ್ಯಾಸ. ಫಾದರ್ ಇದಕ್ಕೆ ಉತ್ತರಿಸಲಿ.

ಫಾದರ್: ಉಳಿದವರು ಸ್ವಲ್ಪ ಹೊತ್ತು ಸುಮ್ಮನಿರಿ. ಅಮ್ಮಾ, ನಿಮಗೆ ಉದ್ದ ಬರೆಯುತ್ತೇನೆ. ಒಂದೇ ಬೆರಳಿನಲ್ಲಿ ಟೈಪ್ ಮಾಡುವವನು, ಕಾಯಿರಿ.

ಫಾದರ್: ಮೊದಲು ಉತ್ತರ. ಆ ಮಗು ನರಕದಲ್ಲಿದೆ ಅಂತ ಚರ್ಚು ಕಲಿಸುವುದಿಲ್ಲ. ಧರ್ಮೋಪದೇಶದ 1261ನೇ ಪ್ಯಾರಾ ಇಂಥ ಮಕ್ಕಳ ಬಗ್ಗೆಯೇ ಇದೆ. ಅವರನ್ನು ದೇವರ ದಯೆಗೆ ಒಪ್ಪಿಸುತ್ತದೆ, ಅವರಿಗೂ ರಕ್ಷಣೆಯ ದಾರಿ ಇದೆ ಅಂತ ಭರವಸೆ ಇಡಲು ಹೇಳುತ್ತದೆ. ಅದಕ್ಕೆ ಕೊಡುವ ಆಧಾರ ಎರಡು. ಎಲ್ಲರೂ ರಕ್ಷಣೆ ಹೊಂದಬೇಕು ಅನ್ನುವುದು ದೇವರ ಆಸೆ. ಮತ್ತೆ, ಮಕ್ಕಳನ್ನು ನನ್ನ ಹತ್ತಿರ ಬರಲು ಬಿಡಿ, ತಡೆಯಬೇಡಿ ಅಂತ ಯೇಸು ಗದರಿದ್ದು. 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ ಇದೊಂದೇ ವಿಷಯಕ್ಕೆ ಒಂದು ದಾಖಲೆ ಹೊರಡಿಸಿತು. ನಮಗೆ ಖಚಿತ ತಿಳಿವಳಿಕೆ ಇಲ್ಲ, ಆದರೆ ಭರವಸೆಗೆ ಗಟ್ಟಿ ಕಾರಣ ಇದೆ ಅಂತ ಅದರ ಸಾರ.

ಹಾಗಾದರೆ 1971ರಲ್ಲಿ ಯಾಕೆ ಹಾಗೆ ಹೇಳಿದರು? ಅವರು ತಮ್ಮ ತಲೆಯಿಂದ ಹೇಳಿದ್ದಲ್ಲ. ಆಗ ಜಾರಿಯಲ್ಲಿದ್ದದ್ದು 1917ರ ಚರ್ಚಿನ ಕಾನೂನು. ಅದರ ಬೇರು 1600 ವರ್ಷ ಹಿಂದಿನ ಒಂದು ಜಗಳದಲ್ಲಿದೆ. ಮನುಷ್ಯ ಮನಸ್ಸು ಮಾಡಿದರೆ ತಾನೇ ಒಳ್ಳೆಯವನಾಗಬಲ್ಲ ಅಂತ ಪೆಲಾಜಿಯಸ್ ಅನ್ನುವ ಸನ್ಯಾಸಿ. ಇಲ್ಲ, ಕೃಪೆ ಇಲ್ಲದೆ ಒಂದು ಹೆಜ್ಜೆಯೂ ಆಗದು ಅಂತ ಆಫ್ರಿಕಾದ ಬಿಷಪ್ ಅಗಸ್ಟೀನ್. 418ರಲ್ಲಿ ಕಾರ್ಥೇಜಿನ ಸಭೆ ಪೆಲಾಜಿಯಸ್‌ನ ವಾದವನ್ನು ತಳ್ಳಿಹಾಕಿತು. ಗೆದ್ದದ್ದು ಅಗಸ್ಟೀನ್. ನಮ್ಮ ಶ್ರೀವೈಷ್ಣವರಲ್ಲಿ ಇಂಥದ್ದೇ ವಾದಕ್ಕೆ ಮಂಗನ ಮರಿ, ಬೆಕ್ಕಿನ ಮರಿ ಅಂತ ಎರಡು ಹೋಲಿಕೆ ಇದೆ. ಮಂಗನ ಮರಿ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಹಿಡಿಯಬೇಕು. ತೋಟದಲ್ಲಿ ದಿನಾ ನೋಡುತ್ತೀರಿ. ಬೆಕ್ಕಿನ ಮರಿ ಏನೂ ಮಾಡುವುದಿಲ್ಲ. ತಾಯಿಯೇ ಕತ್ತು ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಅಗಸ್ಟೀನ್ ಬೆಕ್ಕಿನ ಮರಿ ಪಕ್ಷ. ಆದರೂ ದೀಕ್ಷಾಸ್ನಾನ ಆಗದ ಶಿಶುಗಳಿಗೆ ತೀರಾ ಹಗುರವಾದ ಶಿಕ್ಷೆ ಇದ್ದೇ ಇದೆ ಅಂದರು. 40 ವರ್ಷ ಅವರನ್ನು ಪಾಠ ಮಾಡಿದ್ದೇನೆ, ಗೌರವ ಇದೆ. ಆದರೆ ಈ ಜಾಗಕ್ಕೆ ಬಂದಾಗಲೆಲ್ಲ ನನಗೆ ಅನಿಸುವುದು, ಎರಡು ದಿನದ ಮಗುವಿಗಿಂತ ದೊಡ್ಡ ಬೆಕ್ಕಿನ ಮರಿ ಯಾವುದು?

ಆಮೇಲೆ ಬಂದ ಗುರುಗಳಿಗೂ ಅದು ಚುಚ್ಚಿತು. ಅದಕ್ಕೇ ಲಿಂಬೋ ಅಂತ ಒಂದು ಜಾಗ ಯೋಚಿಸಿದರು. ನೋವಿಲ್ಲ, ಸುಖ ಇದೆ, ದೇವರ ದರ್ಶನ ಮಾತ್ರ ಇಲ್ಲ. ನಮ್ಮ ಅಜ್ಜಿಯರೂ ಇದನ್ನು ಹೇಳುತ್ತಿದ್ದರು. ಅದು ಎಂದೂ ಕಡ್ಡಾಯ ವಿಶ್ವಾಸ ಆಗಲಿಲ್ಲ.

ಇನ್ನೊಂದು ಬರೆದು ಅಳಿಸಿದೆ, ಆದರೂ ಹೇಳಿಬಿಡುತ್ತೇನೆ. ಸಾಯುವ ಸ್ಥಿತಿಯಲ್ಲಿ ಯಾರು ಬೇಕಾದರೂ, ಕ್ರೈಸ್ತಳಲ್ಲದ ಸೂಲಗಿತ್ತಿ ಕೂಡ, ಚರ್ಚಿನ ಉದ್ದೇಶದಿಂದ ದೀಕ್ಷಾಸ್ನಾನದ ಮಾತು ಹೇಳಿ ನೀರು ಹಾಕಿದರೆ ದೀಕ್ಷಾಸ್ನಾನ ಆಗುತ್ತದೆ. ಯಾರಾದರೂ ಹಾಕಿದ್ದರಾ ಅಂತ ಕೇಳಲು ಹೊರಟಿದ್ದೆ. ನನ್ನೊಳಗಿನ ಮೇಷ್ಟರ ಚಟ. ಇಲ್ಲ ಅಂದರೆ "ಅಯ್ಯೋ, ನಾನೇ ಹಾಕಬಹುದಿತ್ತಲ್ಲ" ಅಂತ ಅಮ್ಮನಿಗೆ ಹೊಸ ಕೊರಗು ಶುರುವಾಗುತ್ತದೆ. ದಯವಿಟ್ಟು ಇದನ್ನು ಅವರಿಗೆ ಓದಬೇಡಿ.

ಚಿಕ್ಕಮಗಳೂರು ಸರ್: 1439?

ಫಾದರ್: ಒಳ್ಳೆ ಪ್ರಶ್ನೆ, ಕೆಟ್ಟ ಸಮಯ. ಮೂಲಪಾಪದಲ್ಲೇ ಸತ್ತವರ ಗತಿಯನ್ನು ಅದು ಹೇಳುತ್ತದೆ. ಯಾವ ಮಗು ಹಾಗೆ ಸತ್ತಿತು ಅಂತ ಹೇಳುವುದಿಲ್ಲ. ದೇವರು ರಕ್ಷಣೆಯನ್ನು ದೀಕ್ಷಾಸ್ನಾನಕ್ಕೆ ಕಟ್ಟಿದ್ದಾನೆ, ತಾನು ಮಾತ್ರ ತನ್ನ ಸಂಸ್ಕಾರಗಳಿಗೆ ಕಟ್ಟುಬಿದ್ದವನಲ್ಲ. ಧರ್ಮೋಪದೇಶ 1257.

ಐಟಿ ಹುಡುಗ, ತೀರ್ಥಹಳ್ಳಿ: ಹಾಗಿದ್ದರೆ ಕೊನೆಗೆ ಎಲ್ಲರಿಗೂ ಸ್ವರ್ಗವೇ ಅಲ್ವಾ ಫಾದರ್? ಎಲ್ಲವೂ ದೇವರಿಗೆ ಮರಳುತ್ತದೆ ಅಂತ ಒರಿಜೆನ್ ಅನ್ನುವ ದೈವಶಾಸ್ತ್ರಜ್ಞ 3ನೇ ಶತಮಾನದಲ್ಲೇ ಬರೆದಿದ್ದಾನೆ. ಬಿಷಪ್ ಆಗಿದ್ದ ನಿಸ್ಸಾದ ಗ್ರೆಗೊರಿ ಕೂಡ. ರೋಮ 5:18, 1 ಕೊರಿಂಥ 15:22 ನೋಡಿ. "ಎಲ್ಲರೂ" ಅಂತಲೇ ಇದೆ.

ಶಿವಮೊಗ್ಗ ಬ್ರದರ್: ಮತ್ತಾಯ 25:46 ಯಾರು ಓದುತ್ತಾರೆ? ನಿತ್ಯದಂಡನೆ. ಶಿಶುವಿನ ಮಾತು ಬೇರೆ. ಗೊತ್ತಿದ್ದೂ ಯೇಸುವನ್ನು ಒಪ್ಪದವರಿಗೆ ನರಕ, ಅಷ್ಟೇ.

ಐಟಿ ಹುಡುಗ, ತೀರ್ಥಹಳ್ಳಿ: ಗ್ರೀಕಿನಲ್ಲಿ ಅದು ಐಯೋನಿಯೋಸ್. ಯುಗಕ್ಕೆ ಸೇರಿದ್ದು ಅಂತಲೂ ಅರ್ಥ ಬರುತ್ತದೆ.

ಶಿವಮೊಗ್ಗ ಬ್ರದರ್: ಅದೇ ವಚನದಲ್ಲಿ ಜೀವಕ್ಕೂ ಅದೇ ಪದ ಇದೆ. ಶಿಕ್ಷೆಗೆ ಕೊನೆ ಇದ್ದರೆ ಸ್ವರ್ಗಕ್ಕೂ ಎಕ್ಸ್‌ಪೈರಿ ಡೇಟ್ ಇದೆಯಾ?

ಶಿಕಾರಿಪುರದವರು: ಎಲ್ಲರೂ ಸ್ವರ್ಗಕ್ಕೆ ಹೋಗುವುದಾದರೆ ಭಾನುವಾರ ಚಳಿಯಲ್ಲಿ ನಾನ್ಯಾಕೆ ಏಳಬೇಕು?

ಫಾದರ್: ನರಕಕ್ಕೆ ಹೆದರಿ ಏಳುತ್ತಿದ್ದರೆ ಮಲಗಿ.

ಸೊರಬದವರು: ಫಾದರ್, ಬೆಂಕಿ ನಿಜವಾದದ್ದಾ ಅಂತ ಕೇಳಿದ್ದೆ.

ಫಾದರ್: ಮೇಲೆ ನೋಡಿ.

ಕೊಪ್ಪದ ಆಂಟಿ: ನರಕ ಇದೆ ಅನ್ನುವುದಕ್ಕೆ ಸಾಕ್ಷಿ. ರಷ್ಯಾದಲ್ಲಿ ಭೂಮಿ ಕೊರೆಯುವಾಗ ಆತ್ಮಗಳು ಕಿರುಚುವುದು ಮೈಕಿನಲ್ಲಿ ಕೇಳಿಸಿತಂತೆ. ಆಡಿಯೋ ಹಾಕಿದ್ದೇನೆ.

ಫಾದರ್: ಆಂಟಿ, ಅಲ್ಲಿ ಕೊರೆದದ್ದು ನಿಜ. ಕೋಲಾ ಅನ್ನುವ ಕಡೆ, 12,262 ಮೀಟರ್. ಕೆಳಗೆ 180 ಡಿಗ್ರಿ ಬಿಸಿ ಬಂತು, ಬಂಡೆ ಮೆತ್ತಗಾಗಿ ಡ್ರಿಲ್ ಮುಂದೆ ಹೋಗಲಿಲ್ಲ. ಕಿರುಚಾಟ ಕಟ್ಟುಕಥೆ. ಇಂಥ ಆಡಿಯೋ ವಿಡಿಯೋ ಕಳಿಸುವ ಮುಂಚೆ ಒಂದು ಯೋಚಿಸಿ. ಹೊಸನಗರದ ಒಬ್ಬ ತಾಯಿಯ ಮನೆಗೂ ಇಂಥದ್ದೇ ಒಂದು ಹೋಗಿ ಮುಟ್ಟಿದೆ. 54 ವರ್ಷ ನಿಲ್ಲದೆ ಉರಿದ ಮೇಣದಬತ್ತಿ ಅದರಿಂದ ಆರಿತು. ಕಳಿಸಿದವರಿಗೆ ಅದು ಗೊತ್ತೇ ಇಲ್ಲ.

ಕೊಪ್ಪದ ಆಂಟಿ: ನಾನು ಕಳಿಸಿದ್ದಲ್ಲ ಅದು. ಫಾತಿಮಾ ಮಾತೆ ನರಕ ತೋರಿಸಿದ್ದೂ ಸುಳ್ಳಾ ಹಾಗಾದರೆ?

ಫಾದರ್: ಸುಳ್ಳು ಅನ್ನಲಿಲ್ಲ. ಪೋರ್ಚುಗಲ್ಲಿನ ಫಾತಿಮಾದಲ್ಲಿ ಮರಿಯಮ್ಮನನ್ನು ಕಂಡ ಆ ಮೂರು ಮಕ್ಕಳು ನರಕ ಕಂಡೆವು ಅಂದದ್ದು 1917ರ ಜುಲೈ 13ರಂದು. ಎಲ್ಲ ಆತ್ಮಗಳನ್ನು ಸ್ವರ್ಗಕ್ಕೆ ಸೇರಿಸು, ನಿನ್ನ ದಯೆ ಹೆಚ್ಚು ಬೇಕಾದವರನ್ನು ಮುಖ್ಯವಾಗಿ ಅನ್ನುವ ಪ್ರಾರ್ಥನೆ ಕಲಿತದ್ದೂ ಅದೇ ದಿನ. ಜಪಮಾಲೆಯಲ್ಲಿ ಪ್ರತಿ ಹತ್ತಕ್ಕೊಮ್ಮೆ ನೀವೇ ಹೇಳುತ್ತೀರಿ. "ಎಲ್ಲ" ಅಂದಾಗ ಮನಸ್ಸಿನಲ್ಲಿ ಯಾರನ್ನಾದರೂ ಬಿಡುತ್ತೀರಾ?

ಸಾಗರದ ಸೊಸೆ: ನನ್ನ ಅಜ್ಜಿ ಹಿಂದೂ. ತುಂಬಾ ಒಳ್ಳೆಯವರು. ಸ್ವರ್ಗಕ್ಕೆ ಹೋಗಬಹುದಾ?

ಫಾದರ್: ಹೋಗಬಹುದು. ಎರಡನೇ ವ್ಯಾಟಿಕನ್ ಸಮ್ಮೇಳನ 1964ರಲ್ಲೇ ಹೇಳಿದೆ.

ಶಿವಮೊಗ್ಗ ಬ್ರದರ್: ಇದು ಮೋಸ ಫಾದರ್. ಹಾಗಾದರೆ ಸುವಾರ್ತೆ ಯಾಕೆ ಸಾರಬೇಕು? ಈ ಕಂಪ್ಯೂಟರ್ ಹುಡುಗರಿಗೆ ಪಾಪ ಅಂದರೆ ತಮಾಷೆ. ನೀವೂ ಅವರ ಪರ ನಿಂತಿರಿ.

ಐಟಿ ಹುಡುಗ, ತೀರ್ಥಹಳ್ಳಿ: ಬ್ರದರ್, ಮಂಡಿಯಲ್ಲಿ ನಮ್ಮಪ್ಪನ ಅಡಿಕೆ ಮೂಟೆಗೆ ಎರಡು ಕೆಜಿ ಕಡಿಮೆ ತೋರಿಸಿದವರು ನನಗೆ ಪಾಪದ ಪಾಠ ಮಾಡಬೇಡಿ.

ಶಿವಮೊಗ್ಗ ಬ್ರದರ್: ಯಾರೋ ನಿನಗೆ ಹಾಗೆ ಹೇಳಿದ್ದು? ಅಡಿಕೆ ಹಸಿ ಇತ್ತು. ಸರಿಯಾಗಿ ಒಣಗಿಸದೆ ತಂದರೆ ತೇವ ಕಳೆಯದೆ ಇರುತ್ತಾರಾ? ನಿನ್ನಪ್ಪನನ್ನೇ ಕೇಳು.

ಐಟಿ ಹುಡುಗ, ತೀರ್ಥಹಳ್ಳಿ: ಅಪ್ಪನೇ ಹೇಳಿದ್ದು. ನಿಮಗೆ ಯಾಕೆ ನಿತ್ಯನರಕ ಅಷ್ಟು ಇಷ್ಟ ಅಂತ ಈಗ ಅರ್ಥ ಆಯಿತು. ನಿಮ್ಮ ತಕ್ಕಡಿ ದೇವರ ಕೈಗೂ ಕೊಟ್ಟಿದ್ದೀರಿ.

ಶಿಕಾರಿಪುರದವರು: ಹಹಹ.

ಶಿವಮೊಗ್ಗ ಬ್ರದರ್: ನಗಬೇಡಿ. ಅಡ್ಮಿನ್, ಈ ಹುಡುಗನನ್ನು ತೆಗೀರಿ. ಇಲ್ಲ ಅಂದರೆ ನಾನೇ ಹೋಗುತ್ತೇನೆ.

ಅಡ್ಮಿನ್: ಇಬ್ಬರೂ ದಯವಿಟ್ಟು. ಅಡಿಕೆ ವಿಷಯ ಪರ್ಸನಲ್ ಆಗಿ ಮಾತಾಡಿಕೊಳ್ಳಿ.

ಫಾದರ್: ತಮ್ಮಾ, ತಕ್ಕಡಿ ಮಾತು ಚೆನ್ನಾಗಿತ್ತು, ಆದರೆ ಅಷ್ಟಕ್ಕೇ ವಾದ ಗೆಲ್ಲುವುದಿಲ್ಲ. ಬ್ರದರ್ ಹೇಳಿದ "ಅದೇ ಪದ" ವಾದ ಅಗಸ್ಟೀನರದು, ಇವತ್ತಿಗೂ ಗಟ್ಟಿಯಾಗಿದೆ. ಒರಿಜೆನ್ ಹೆಸರಿನ ಬೋಧನೆಗಳನ್ನು ಚಕ್ರವರ್ತಿ ಜಸ್ಟಿನಿಯನ್ 543ರಲ್ಲಿ ಖಂಡಿಸಿದ, 553ರ ಸಮ್ಮೇಳನದ ಹೊತ್ತಿಗೂ ಆ ಖಂಡನೆ ಬಂತು. ಅದನ್ನು ಬಿಟ್ಟು ಬರೆದೆ ನೀನು. ಬ್ರದರ್, ನೀವು ಬಿಟ್ಟದ್ದು ಗ್ರೆಗೊರಿಯನ್ನು. ಹೆಚ್ಚು ಕಡಿಮೆ ಅದೇ ಭರವಸೆ ಬರೆದವರು. ಅವರನ್ನು ಯಾವ ಸಮ್ಮೇಳನವೂ ಖಂಡಿಸಲಿಲ್ಲ, ಸಂತರ ಪಟ್ಟಿಯಲ್ಲೇ ಇದ್ದಾರೆ. ಚರ್ಚು ಸಾವಿರಾರು ಜನರನ್ನು ಸಂತರು ಅಂತ ಹೆಸರು ಹಿಡಿದು ಸಾರಿದೆ. ನರಕದಲ್ಲಿದ್ದಾರೆ ಅಂತ ಒಬ್ಬರ ಹೆಸರನ್ನೂ ಸಾರಿಲ್ಲ, ಯೇಸುವನ್ನು ಹಿಡಿದುಕೊಟ್ಟ ಯೂದನದ್ದೂ ಇಲ್ಲ. ನರಕ ಇದೆ, ಒಬ್ಬ ಮನುಷ್ಯ ಕೊನೆಯವರೆಗೂ ಬೇಡ ಅನ್ನಬಲ್ಲ. ಅಷ್ಟು ನನಗೆ ಗೊತ್ತು. ಎಲ್ಲರಿಗೂ ಭರವಸೆ ಇಡಬಹುದು ಅಂತ ಕಳೆದ ಶತಮಾನದಲ್ಲಿ ದೈವಶಾಸ್ತ್ರಜ್ಞ ಬಾಲ್ತಾಸರ್ ಬರೆದಾಗ ಅವರನ್ನೂ ಬೈದರು. ಅವರು ಹೇಳಿದ್ದು ಭರವಸೆ. ತಮ್ಮಾ, ನೀನು ಕೇಳುತ್ತಿರುವುದು ಗ್ಯಾರಂಟಿ ಕಾರ್ಡ್. ಬ್ರದರ್ ಕೇಳುತ್ತಿರುವುದು ಹೆಸರಿನ ಪಟ್ಟಿ. ಎರಡೂ ನನ್ನ ಹತ್ತಿರ ಇಲ್ಲ.

ಶಿವಮೊಗ್ಗ ಬ್ರದರ್ ಗುಂಪು ಬಿಟ್ಟಿದ್ದಾರೆ.

ಸೊರಬದವರು: ಬೆಂಕಿ ಬಗ್ಗೆ ಯಾರಾದರೂ ಹೇಳಿ. ಮೇಲೆ ಸಿಗುತ್ತಿಲ್ಲ.

ಫಾದರ್: ಮೇಲೆ.

ಹೊಸನಗರದ ಅಕ್ಕ: ಫಾದರ್, ಅಮ್ಮ ಪಕ್ಕದಲ್ಲೇ ಅಡಿಕೆ ಸುಲಿಯುತ್ತಾ ಕೂತಿದ್ದರು. ಓದಬೇಡಿ ಅನ್ನುವ ಸಾಲು ಕೊನೆಯಲ್ಲಿತ್ತು, ಅಷ್ಟರಲ್ಲಿ ಎಲ್ಲ ಓದಿಬಿಟ್ಟಿದ್ದೆ. ಕ್ಷಮಿಸಿ. ಅಮ್ಮ ಮೆಟ್ಟುಗತ್ತಿ ಬಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಹೇಳಿದರು, ಎರಡೂ ದಿನ ಮಗುವಿಗೆ ನೀರು ಹಾಕಿದ್ದು ಸೂಲಗಿತ್ತಿಯೇ. ಹಂಡೆ ನೀರು, ತೊಡೆ ಮೇಲೆ ಮಲಗಿಸಿಕೊಂಡು. ಮಂತ್ರ ಏನೂ ಇಲ್ಲ. "ನಿಮ್ಮ ಸ್ವಾಮಿಗೆ ಹೇಳಿ ಉಳಿಸ್ಕೊಳ್ಳಿ ಅಮ್ಮಾ" ಅಂತ ಅಳುತ್ತಾ ಹಾಕಿದಳಂತೆ. ಅದು ಲೆಕ್ಕಕ್ಕೆ ಬರುತ್ತದಾ ಅಂತ ಅಮ್ಮ ಕೇಳುತ್ತಿದ್ದಾರೆ.

ಚಿಕ್ಕಮಗಳೂರು ಸರ್: ಬರುವುದಿಲ್ಲ. ಪಿತ, ಸುತ, ಪವಿತ್ರಾತ್ಮರ ಹೆಸರು ಹೇಳಲೇಬೇಕು.

ಐಟಿ ಹುಡುಗ, ತೀರ್ಥಹಳ್ಳಿ: ಸರ್, ಸ್ವಲ್ಪ ಬಾಯಿ ಮುಚ್ಚುತ್ತೀರಾ?

ಫಾದರ್: ದೀಕ್ಷಾಸ್ನಾನ ಅಂತ ರಿಜಿಸ್ಟರಿನಲ್ಲಿ ಬರೆಯಲು ಬರುವುದಿಲ್ಲ. ಸರ್ ಹೇಳಿದ್ದು ಸರಿ. ಅಮ್ಮನಿಗೆ ಸುಳ್ಳು ಹೇಳಲಾರೆ. ಆದರೆ ಆ ನೀರು, ಆ ಅಳು ದೇವರಿಗೆ ಕೇಳಿಸಲಿಲ್ಲ ಅಂತ ಹೇಳಲು ನನಗೆ ಯಾವ ಪ್ಯಾರಾವೂ ಸಿಕ್ಕಿಲ್ಲ. ಇನ್ನೊಂದು ವಿಷಯ. ತಂದೆ ತಾಯಿ ದೀಕ್ಷಾಸ್ನಾನ ಕೊಡಿಸಬೇಕು ಅಂತಿದ್ದು ಮಗು ಸತ್ತರೆ, ಬಿಷಪ್ ಅನುಮತಿಯಿಂದ ಚರ್ಚಿನ ಅಂತ್ಯಕ್ರಿಯೆ ಮಾಡಬಹುದು. 1983ರ ಕಾನೂನು, 1183ನೇ ವಿಧಿ. ಕುಲಾವಿ ಹೆಣೆದವರಿಗೆ ಉದ್ದೇಶ ಇರಲಿಲ್ಲ ಅಂತ ಯಾರು ಹೇಳುತ್ತಾರೆ? 54 ವರ್ಷ ತಡವಾಗಿದೆ, ಅಷ್ಟೇ. ನಿಮ್ಮ ಊರಿನ ಗುರುಗಳ ಹತ್ತಿರ ನಾನು ನಾಳೆ ಮಾತಾಡುತ್ತೇನೆ. ಅವರು ಒಪ್ಪಿದರೆ ಗುರುವಾರ ನಾನೂ ಬರುತ್ತೇನೆ. ಮರ ಇನ್ನೂ ಇದೆಯಾ?

ಹೊಸನಗರದ ಅಕ್ಕ: ಇದೆ ಫಾದರ್. ಕಾಯಿ ಬಿಡುವುದು ಕಡಿಮೆ ಆಗಿದೆ.

ಫಾದರ್: ಬಸ್ಸು ಎಲ್ಲಿವರೆಗೆ ಬರುತ್ತದೆ?

ಹೊಸನಗರದ ಅಕ್ಕ: ಸಂಕದವರೆಗೆ. ಅಲ್ಲಿಂದ ನಮ್ಮ ಹುಡುಗ ಬೈಕಿನಲ್ಲಿ ಕರೆದುಕೊಂಡು ಬರುತ್ತಾನೆ.

ನಿವೃತ್ತ ಮೇಷ್ಟ್ರು: ಫಾದರ್, ಮಧ್ವಾಚಾರ್ಯರ ಬಗ್ಗೆ ಕೇಳಿದ್ದೆ.

ಕೊಪ್ಪದ ಆಂಟಿ: "ಮೂರು ದಿನ ಲೋಕವೆಲ್ಲ ಕತ್ತಲೆ ಆಗಲಿದೆ. ಶುದ್ಧ ಜೇನುಮೇಣದ ಬತ್ತಿ ಮಾತ್ರ ಉರಿಯುತ್ತದೆ. ಈಗಲೇ ತಂದಿಟ್ಟುಕೊಳ್ಳಿ."

ಅಡ್ಮಿನ್: ಒಂಬತ್ತು ಗಂಟೆ ಆಯಿತು. ಅಡ್ಮಿನ್ ಮಾತ್ರ ಮೆಸೇಜ್ ಮಾಡುವ ಹಾಗೆ ಸೆಟ್ಟಿಂಗ್ ಬದಲಿಸಿದ್ದೇನೆ.